ಆ ಚುಕ್ಕೆ ಯಾವ ಪ್ರೊಟೀನಿನದು?

ಮಲೇರಿಯಾ ಜಾಸ್ತಿ ಇರುವ ಕಡೆ ಎಷ್ಟೋ ದೊಡ್ಡವರಿಗೆ ರಕ್ತದಲ್ಲಿ ಪರಾವಲಂಬಿ ಇದ್ದರೂ ಜ್ವರ ಬರುವುದಿಲ್ಲ. ಸೋಂಕು ತಗುಲಿ ತಗುಲಿ ಅವರ ದೇಹ ಅದನ್ನು ತಡೆಯಲು ಕಲಿತಿರುತ್ತದೆ. ಅವರ ಪ್ರತಿಕಾಯಗಳು ಯಾವ ಪ್ರೊಟೀನನ್ನು ಹಿಡಿಯುತ್ತವೆ ಅಂತ ಗೊತ್ತಾದರೆ ಲಸಿಕೆಗೆ ದಾರಿ ಸಿಗುತ್ತದೆ ಅಲ್ವಾ? ನಾನು ಶುರು ಮಾಡಿದ್ದೂ ಅಲ್ಲಿಂದಲೇ.

ಫಾಲ್ಸಿಪಾರಮ್ ಎಂಬ ಮಲೇರಿಯಾ ಪರಾವಲಂಬಿಯನ್ನು ಕೆಂಪು ರಕ್ತಕಣಗಳಲ್ಲಿ ಬೆಳೆಸಿ, ಅದರ ಎಂಆರ್‌ಎನ್‌ಎಯಿಂದ ಸಿಡಿಎನ್‌ಎ, ಅಂದರೆ ಅದರ ಡಿಎನ್‌ಎ ನಕಲು ಮಾಡಿ, ಚೂರು ಚೂರಾಗಿ ಲ್ಯಾಮ್ಡಾ ಜಿಟಿ11 ಫೇಜ್‌ಗೆ (ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಯುವ ವೈರಸ್) ಸೇರಿಸಿದೆ. ಚೂರು ಸರಿಯಾದ ದಿಕ್ಕಿನಲ್ಲಿ, ಸರಿಯಾದ ಫ್ರೇಮಿನಲ್ಲಿ (ಮೂರು ಮೂರು ಅಕ್ಷರವಾಗಿ ಓದುವ ಸಾಲು) ಕೂರುವುದು ಆರರಲ್ಲಿ ಒಂದು ಸಲ. ಅದಕ್ಕೇ ಲಕ್ಷಗಟ್ಟಲೆ ಫೇಜ್ ಜಾಲಾಡಬೇಕು.

ಇ. ಕೋಲಿ ಜೊತೆ ಫೇಜ್ ಹರಡಿದ ಪ್ಲೇಟನ್ನು 42 ಡಿಗ್ರಿಯಲ್ಲಿಟ್ಟು, ಸೂಜಿಮೊನೆಯಷ್ಟು ಪ್ಲಾಕ್ (ಫೇಜ್ ಬ್ಯಾಕ್ಟೀರಿಯಾವನ್ನು ಒಡೆದ ಜಾಗ) ಕಂಡ ಕೂಡಲೇ, ಪ್ರೊಟೀನ್ ತಯಾರಿಕೆ ಶುರು ಮಾಡಿಸುವ ಐಪಿಟಿಜಿಯಲ್ಲಿ ನೆನೆಸಿ ಒಣಗಿಸಿದ ನೈಟ್ರೋಸೆಲ್ಯುಲೋಸ್ ಫಿಲ್ಟರನ್ನು ಮೇಲೆ ಹಾಸುತ್ತಿದ್ದೆ. ನಡುವಿನಿಂದ ಅಂಚಿನ ಕಡೆಗೆ, ಗುಳ್ಳೆ ಏಳದ ಹಾಗೆ. ಇಂಕು ಅದ್ದಿದ ಸೂಜಿಯಿಂದ ಮೂರು ಕಡೆ ಚುಚ್ಚಿ ಗುರುತು ಮಾಡುತ್ತಿದ್ದೆ. ಆ ಗುರುತುಗಳು ಒಂದೇ ಅಂತರದಲ್ಲಿ ಇರಬಾರದು. ಇದ್ದರೆ ಆಮೇಲೆ ಫಿಲ್ಟರನ್ನು ಹೇಗೆ ತಿರುಗಿಸಿ ಕೂರಿಸಬೇಕು ಅನ್ನುವುದೇ ತಿಳಿಯುವುದಿಲ್ಲ.

ಪ್ಲಾಕಿನ ಪ್ರೊಟೀನು ಅಂಟಿದ ಫಿಲ್ಟರನ್ನು ಆಮೇಲೆ ಅಂಥ ದೊಡ್ಡವರ ಸೀರಮ್‌ನಲ್ಲಿ (ಪ್ರತಿಕಾಯ ಇರುವ ರಕ್ತದ ತಿಳಿ ಭಾಗ) ಅದ್ದುತ್ತಿದ್ದೆ; ಪ್ರತಿಕಾಯ ಹಿಡಿದ ಕಡೆ ಚುಕ್ಕೆ ಮೂಡಬೇಕು. ಮೊದಲ ಸಲ ಫಿಲ್ಟರ್ ಪೂರ್ತಿ ಕಪ್ಪಾಯಿತು. ಮನುಷ್ಯರ ಸೀರಮ್‌ನಲ್ಲಿ ಇ. ಕೋಲಿ ವಿರುದ್ಧದ ಪ್ರತಿಕಾಯಗಳೂ ಇರುತ್ತವೆ. ಒಡೆದ ಇ. ಕೋಲಿಯ ಜೊತೆ ಸೀರಮ್ ಬೆರೆಸಿಟ್ಟು ಅವನ್ನು ತೆಗೆದ ಮೇಲೆ ಹಿನ್ನೆಲೆ ತಿಳಿಯಾಯಿತು. ಅಲ್ಲೊಂದು ಇಲ್ಲೊಂದು ಚುಕ್ಕೆ ಎದ್ದು ಕಂಡಾಗ ಆದ ಸಂತೋಷ ಈಗಲೂ ನೆನಪಿದೆ.

ಆದರೆ ಸುಮ್ನೆ ಚುಕ್ಕೆ ಸಿಕ್ಕರೆ ಏನೂ ಸಾಬೀತಾಗುವುದಿಲ್ಲ. ಪರಾವಲಂಬಿಯ ಯಾವ ಪ್ರೊಟೀನಿನದು ಅದು? ಒಂದೇ ಕ್ಲೋನ್ (ಒಂದೇ ಚೂರು ಹೊತ್ತ ಫೇಜ್) ತುಂಬಿದ ಫಿಲ್ಟರನ್ನು ಸೀರಮ್‌ನಲ್ಲಿ ಅದ್ದಿ, ಅಂಟಿದ ಪ್ರತಿಕಾಯವನ್ನು ಪಿಹೆಚ್ 2.8ರ ಗ್ಲೈಸಿನ್‌ನಿಂದ ಬಿಡಿಸಿಕೊಳ್ಳುತ್ತಿದ್ದೆ. ತಕ್ಷಣ ಟ್ರಿಸ್ ಹಾಕಿ ಆಮ್ಲ ಇಳಿಸಬೇಕು, ತಡವಾದರೆ ಪ್ರತಿಕಾಯ ಕೆಡುತ್ತದೆ. ಹೀಗೆ ಸಿಕ್ಕ ಪ್ರತಿಕಾಯವನ್ನು ಪರಾವಲಂಬಿಯ ಪ್ರೊಟೀನುಗಳ ಬ್ಲಾಟ್ (ಪ್ರೊಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಂಟಿಸಿದ ಹಾಳೆ) ಮೇಲೆ ಬಿಟ್ಟೆ. ಒಂದೇ ಒಂದು ಪಟ್ಟಿ ಮೂಡಿತು, ಅದೇ ಆ ಚುಕ್ಕೆಯ ಪ್ರೊಟೀನು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಈ ಹೆಜ್ಜೆಯೇ.

ತುಂಬ ಗಾಢವಾಗಿದ್ದ ಕ್ಲೋನುಗಳ ಡಿಎನ್‌ಎ ಓದಿ ನೋಡಿದರೆ, ಅದೇ ಕೆಲವು ಅಮೈನೋ ಆಮ್ಲಗಳು ಮತ್ತೆ ಮತ್ತೆ ಬರುತ್ತಿದ್ದವು. ಇಂಥ ಪುನರಾವರ್ತನೆಗೆ ಪ್ರತಿಕಾಯ ಜಾಸ್ತಿ ಅಂಟುತ್ತದೆ, ಹಾಗಂತ ಅದು ರಕ್ಷಣೆ ಕೊಟ್ಟೇ ಕೊಡುತ್ತದೆ ಅಂತಲ್ಲ. ಪೂರ್ತಿ ಬಿಡುವ ಹಾಗೂ ಇಲ್ಲ. 1984ರಲ್ಲಿ ಜೀನ್ ಸಿಕ್ಕ ಸಿಎಸ್ ಪ್ರೊಟೀನಿನ (ಸೊಳ್ಳೆಯಿಂದ ಬರುವ ಹಂತದ ಪರಾವಲಂಬಿಯ ಮೇಲ್ಮೈ ಪ್ರೊಟೀನು) ಎನ್‌ಎಎನ್‌ಪಿ ಎಂಬ ನಾಲ್ಕು ಅಮೈನೋ ಆಮ್ಲಗಳ ಪುನರಾವರ್ತನೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಮಲೇರಿಯಾ ಲಸಿಕೆಯಲ್ಲಿದೆ. ಗಾಢ ಚುಕ್ಕೆಯೇ ರಕ್ಷಣೆಯ ಗುರುತಲ್ಲ ಅಂತ ತಿಳಿದ ಮೇಲೆ ನಾನು ಮಸುಕಾದ ಚುಕ್ಕೆಗಳನ್ನೂ ಬಿಡದೆ ಎತ್ತಿಕೊಳ್ಳುತ್ತೇನೆ.