ಧಾರವಾಡ ಸೀಮೆಯ ಊರುಗಳಲ್ಲಿ ಆನೆ ದಿನವನ್ನು ಆಚರಿಸುವ ಬಗೆ

ಪ್ರತಿ ವರ್ಷ ಆಗಸ್ಟ್ 12ರಂದು ವಿಶ್ವ ಆನೆ ದಿನವನ್ನು ಆಚರಿಸಲಾಗುತ್ತದೆ. ಇದು 2012ರಲ್ಲಿ ಆರಂಭವಾಯಿತು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಶಾಲೆಗಳಲ್ಲಿ, ಯುವಕ ಸಂಘಗಳಲ್ಲಿ ಈ ದಿನವನ್ನು ಅರ್ಥಪೂರ್ಣವಾಗಿ ನಡೆಸಬೇಕೆನ್ನುವವರಿಗೆ ಕೆಲವು ಸೂಚನೆಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲ ಕೆಲಸವನ್ನು ಒಂದು ತಿಂಗಳು ಮುಂಚೆಯೇ ಆರಂಭಿಸಬೇಕು, ಮತ್ತು ಅದು ಕಾಡಂಚಿನ ಹೊಲದಲ್ಲಿ ಆರಂಭವಾಗಬೇಕು. ದಾಂಡೇಲಿ, ಹಳಿಯಾಳದ ಕಾಡುಗಳಿಂದ ಅಳ್ನಾವರ, ಕಲಘಟಗಿಯ ಕಡೆಗೂ ಮುಂಡಗೋಡದ ಕಡೆಯಿಂದ ಹಾನಗಲ್ಲಿನ ಕಡೆಗೂ ಆನೆಗಳು ಇಳಿದು ಬರುವುದುಂಟು. ಭತ್ತ ತೆನೆಗಟ್ಟಿ, ಕಬ್ಬು ಬೆಳೆದು ನಿಂತ ದಿನಗಳಲ್ಲಿ ಒಂದು ರಾತ್ರಿ ಅವು ಗದ್ದೆಗೆ ಹೊಕ್ಕರೆ ಒಂದು ಮನೆಯ ವರ್ಷದ ದುಡಿಮೆ ನೆಲ ಕಚ್ಚುತ್ತದೆ. ಆದ್ದರಿಂದ ಅಂಥ ಊರಿನ ಒಬ್ಬಿಬ್ಬರು ರೈತರನ್ನು ಹೋಗಿ ಕಾಣಿರಿ. ಆನೆ ಯಾವ ತಿಂಗಳಲ್ಲಿ ಬಂತು, ಯಾವ ದಾರಿ ಹಿಡಿಯಿತು, ಒಂಟಿಯೋ ಹಿಂಡೋ, ಏನನ್ನು ತಿಂದಿತು, ಏನನ್ನು ತುಳಿಯಿತು, ಎಷ್ಟು ರಾತ್ರಿ ಅಟ್ಟದ ಮೇಲೆ ಕಾವಲು ಕೂರಬೇಕಾಯಿತು ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ಕಾರ್ಯಕ್ರಮದ ಮೊದಲ ಅರ್ಧ ಗಂಟೆ ಅವರಿಗೇ ಮೀಸಲಾಗಲಿ. ಅವರ ಮಾತಿನಲ್ಲಿ ಸಿಟ್ಟು ಇರಬಹುದು, ಅದನ್ನು ತಡೆಯಬಾರದು. ಬೆಳೆ ಕಳೆದುಕೊಂಡವರ ಮಾತನ್ನು ಕೇಳಿಸಿಕೊಳ್ಳದೆ ಆನೆಯನ್ನು ಹೊಗಳುವ ಸಭೆಗೆ ಕಾಡಂಚಿನ ಊರಿನಲ್ಲಿ ಬೆಲೆಯಿರುವುದಿಲ್ಲ.

ವಲಯ ಅರಣ್ಯಾಧಿಕಾರಿಗಳಿಗೆ ಪತ್ರ ಬರೆದು ಆಹ್ವಾನಿಸುವಾಗ, ದಿನವೂ ಕಾಡಿನಲ್ಲಿ ಗಸ್ತು ತಿರುಗುವ ಸಿಬ್ಬಂದಿಯೊಬ್ಬರನ್ನೂ ಕಳುಹಿಸಿಕೊಡಲು ಕೋರಿರಿ. ಲದ್ದಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳಬಲ್ಲವರು ಅವರೇ. ಸಭೆಯ ಒಂದು ಮಗ್ಗುಲಲ್ಲಿ ಮೇಜು ಹಾಕಿ, ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕುವುದು ಹೇಗೆಂದು ತೋರಿಸುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು. ಹಾನಿಯಾದ ಹೊಲವನ್ನು ಸರಿಮಾಡುವ ಮುಂಚೆಯೇ ಫೋಟೊ ತೆಗೆಯಬೇಕು, ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲುಗಳನ್ನು ಸಿದ್ಧವಾಗಿಡಬೇಕು, ತಡಮಾಡದೆ ಇಲಾಖೆಗೆ ತಿಳಿಸಬೇಕು ಎಂಬಷ್ಟನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ವಿದ್ಯುತ್ತಿನ ವಿಷಯವನ್ನು ಯಾವ ಕಾರಣಕ್ಕೂ ಬಿಡಬಾರದು. ಸೌರಬೇಲಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೆ ಮಿಡಿದು ನಿಲ್ಲುವುದರಿಂದ ಆನೆ ಬೆದರಿ ಹಿಂದೆ ಸರಿಯುತ್ತದೆ, ಆದರೆ ಸಾಯುವುದಿಲ್ಲ. ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಬೆಳಗಿನ ಜಾವ ನೀರು ತಿರುಗಿಸಲು ಹೋದ ಮನೆಯವರೂ ಸಾಯುತ್ತಾರೆ. ಆನೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ ಸೆರೆವಾಸವಿದೆ. ಹೊಲದ ಮೇಲೆ ತಂತಿ ಜೋತುಬಿದ್ದಿದ್ದರೆ ಹೆಸ್ಕಾಂನ 1912ಕ್ಕೆ ಕರೆಮಾಡಿ ದೂರು ಕೊಡುವುದನ್ನು ಅಲ್ಲೇ, ಸಭೆಯಲ್ಲೇ ಮಾಡಿ ತೋರಿಸಬಹುದು.

ಮಕ್ಕಳಿಗೆ ಭಾಷಣ ಸಾಲದು, ಅಳತೆ ಬೇಕು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಭುಜದವರೆಗಿನ ಅದರ ಎತ್ತರ ಸಿಗುತ್ತದೆ. ನಾಲ್ಕೂವರೆ ಅಡಿ ಉದ್ದದ ದಾರವನ್ನು ದುಂಡಗೆ ಕೂಡಿಸಿ, ಅಂಗಳದಲ್ಲಿ ಅದರ ಗುಂಟ ರಂಗೋಲಿ ಬಿಡಿಸಿದರೆ ಅದು ಒಂದು ಹೆಜ್ಜೆ. ಪಕ್ಕದ ಗೋಡೆಯ ಮೇಲೆ ಒಂಬತ್ತು ಅಡಿಗೆ ಗೆರೆ ಎಳೆದರೆ ಅದೇ ಆನೆಯ ಎತ್ತರ. ಆ ಗೆರೆಯ ಕೆಳಗೆ ನಿಂತು ತಲೆಯೆತ್ತಿ ನೋಡುವ ಮಗುವಿಗೆ ಮತ್ತೇನನ್ನೂ ವಿವರಿಸಬೇಕಾಗಿಲ್ಲ. ದೊಡ್ಡ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ, 100 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ. ಇದನ್ನು ತೋರಿಸಲು ಏಳು ಕೊಡ ನೀರು ತುಂಬಿಡಿರಿ, ಪಕ್ಕದಲ್ಲಿ ಕಣಿಕೆಯ ಸಿವುಡುಗಳನ್ನು ತೂಗಿ ಒಟ್ಟಿರಿ. ಇಷ್ಟು ಮೇವು, ಇಷ್ಟು ನೀರು ಒಂದೇ ಕಡೆ ವರ್ಷವಿಡೀ ಸಿಗದ ಕಾರಣ ಆನೆ ನಡೆಯುತ್ತಲೇ ಇರಬೇಕಾಗುತ್ತದೆ, ಅದರ ದಾರಿಗೆ ರಸ್ತೆ, ಕಾಲುವೆ, ತೋಟ ಅಡ್ಡಬಂದಾಗ ಅದು ನಮ್ಮ ಹೊಲಕ್ಕೆ ಬರುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ತಾಯಾನೆ ಸುಮಾರು 22 ತಿಂಗಳು ಗರ್ಭ ಹೊರುತ್ತದೆ. ಹೀಗಾಗಿ ಒಂದು ಆನೆ ಸತ್ತರೆ ಆ ಜಾಗ ಬೇಗ ತುಂಬುವುದಿಲ್ಲ.

ಭಿತ್ತಿಪತ್ರಗಳ ಚಿತ್ರಗಳನ್ನು ಒಮ್ಮೆ ಪರೀಕ್ಷಿಸಿರಿ. ಮೊರಕ್ಕಿಂತ ಅಗಲವಾಗಿ ಭುಜವನ್ನೇ ಮುಚ್ಚುವ ಕಿವಿ, ನಡುವೆ ತಗ್ಗಿದ ಬೆನ್ನು ಇದ್ದರೆ ಅದು ಆಫ್ರಿಕಾದ ಆನೆ. ನಮ್ಮ ಆನೆಯ ಬೆನ್ನು ಉಬ್ಬಿರುತ್ತದೆ, ಕಿವಿ ಚಿಕ್ಕದು, ಸೊಂಡಿಲ ತುದಿಯಲ್ಲಿ ಒಂದೇ ಬೆರಳು. ನಮ್ಮ ಹೆಣ್ಣಾನೆಗಳಿಗೆ ಹೊರಚಾಚಿದ ದಂತ ಇರುವುದಿಲ್ಲ.

ಅಂಕಿಸಂಖ್ಯೆಗಳನ್ನು ಹೇಳುವಾಗ ಎಚ್ಚರ ಅಗತ್ಯ. 2017ರ ಎಣಿಕೆಯಲ್ಲಿ ದೇಶದ ಆನೆಗಳು 29,964 ಎಂದಿತ್ತು; 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಅಂದಾಜು 22,446. ಇವೆರಡನ್ನು ಕಳೆದು ಆನೆಗಳು ಇಷ್ಟು ಕಡಿಮೆಯಾದವು ಎನ್ನುವುದು ತಪ್ಪು, ಏಕೆಂದರೆ ಲೆಕ್ಕದ ವಿಧಾನವೇ ಬೇರೆ. ಎರಡೂ ಲೆಕ್ಕಗಳಲ್ಲಿ ಕರ್ನಾಟಕವೇ ಮೊದಲ ಸ್ಥಾನದಲ್ಲಿದೆ. ಹೊಸ ಅಂದಾಜಿನ ಪ್ರಕಾರ ನಮ್ಮಲ್ಲಿ 6,013 ಆನೆಗಳಿವೆ.

ಮೆರವಣಿಗೆಗೆ ಜೀವಂತ ಆನೆಯನ್ನು ತರಿಸುವ ಆಲೋಚನೆ ಬಂದರೆ ದಯವಿಟ್ಟು ಕೈಬಿಡಿರಿ. ಕಾದ ಡಾಂಬರು, ಡೊಳ್ಳು, ಡಿಜೆ ಸದ್ದು, ಸುತ್ತ ನೂಕುನುಗ್ಗಲು, ಕಾಲಿಗೆ ಸರಪಳಿ: ಇದು ಆನೆಗೆ ಗೌರವವಲ್ಲ, ಜನರಿಗೂ ಅಪಾಯ. ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೇ 2024ರಲ್ಲಿ ಯಾಂತ್ರಿಕ ಆನೆ ಬಂದಿದೆ. ಬಿದಿರು, ಗೋಣಿಚೀಲ, ಹಳೆಯ ಪತ್ರಿಕೆಗಳಿಂದ ಮಕ್ಕಳೇ ಕಟ್ಟಿದ ಆನೆಯನ್ನು ಹೊತ್ತು ಓಣಿ ಸುತ್ತಬಹುದು. ಸಭೆಯಲ್ಲಿ ಯಾರಾದರೂ ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆಯನ್ನು ಖಂಡಿತ ಹೇಳುತ್ತಾರೆ. ಸತ್ತ ಆನೆಯ ಬೆಲೆ ಎಂದರೆ ದಂತದ ಬೆಲೆ, ಆ ವ್ಯಾಪಾರ ಇಂದು ಅಪರಾಧ ಎಂಬುದನ್ನು ಅಲ್ಲಿಯೇ ಸೇರಿಸಿ ಹೇಳಿರಿ.

ಕಾರ್ಯಕ್ರಮವನ್ನು ಆಗಸ್ಟಿಗೇ ಮುಗಿಸದೆ ಗೌರಿ ಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ ಸೇರುವುದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ. ನಮ್ಮ ಹೆಣ್ಣುಮಕ್ಕಳು ಸಕ್ಕರೆ ಆನೆ, ಸಕ್ಕರೆ ಕುದುರೆಗಳನ್ನು ತಟ್ಟೆಯಲ್ಲಿಟ್ಟು ಆರತಿ ಒಯ್ಯುವ ಆ ದಿನಗಳಲ್ಲೇ ಕಾಡಂಚಿನ ಭತ್ತ ಕೊಯ್ಲಿಗೆ ಬಂದಿರುತ್ತದೆ. ಅಂದು ಸಂಜೆ ಆರತಿ ಮುಗಿದ ಮೇಲೆ ಹತ್ತು ನಿಮಿಷ ಸಾಕು: ಕತ್ತಲಾದ ಮೇಲೆ ಒಬ್ಬರೇ ಹೊಲಕ್ಕೆ ಹೋಗಬಾರದು, ಆನೆ ಕಂಡರೆ ಗುಂಪುಗೂಡಿ ಕಲ್ಲೆಸೆಯಬಾರದು, ಮೊಬೈಲ್ ಹಿಡಿದು ಹತ್ತಿರ ಹೋಗಬಾರದು, ಅದು ಬಂದ ದಾರಿಯಲ್ಲೇ ಮರಳಲು ಎಡೆಬಿಟ್ಟು ಇಲಾಖೆಗೆ ತಿಳಿಸಬೇಕು ಎಂದು ಹಿರಿಯರೊಬ್ಬರಿಂದ ಹೇಳಿಸಿರಿ. ಗುಡಿಯ ಕಟ್ಟೆಯ ಮೇಲೆ ಮತ್ತು ಹಾಲಿನ ಡೇರಿಯ ಗೋಡೆಯ ಮೇಲೆ 1926 ಎಂದು ಬಣ್ಣದಲ್ಲಿ ಬರೆಸಿರಿ.