ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7: ಐದು ಸಂಜೆಗಳ ಜಟಾಪಟಿ

ನನ್ನ ಬಳಿ ಹಳೆಯ ಫಿಲ್ಮ್ ಸ್ಕ್ಯಾನರ್ ಒಂದಿದೆ. ಕಪ್ಪು-ಬಿಳುಪು ನೆಗೆಟಿವ್‌ಗಳನ್ನು ಅದರಷ್ಟು ಚೆನ್ನಾಗಿ ಓದುವ ಇನ್ನೊಂದು ಯಂತ್ರವನ್ನು ನಾನು ಕಂಡಿಲ್ಲ. ತೊಂದರೆಯೆಂದರೆ ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸ್ 7ಕ್ಕೇ ನಿಂತುಹೋಗಿದೆ. ಅದಕ್ಕೆ ಜೊತೆಯಾಗಿದ್ದ ಕಂಪ್ಯೂಟರ್ ಕಣ್ಣು ಮುಚ್ಚಿದಾಗ ಮೊದಲು ಹೊಸ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ನಡೆಯುವ ತೋರಿಕೆಯ ಕಂಪ್ಯೂಟರ್) ಮಾಡಿ ಅದರಲ್ಲಿ ವಿಂಡೋಸ್ 7 ಓಡಿಸಿ ನೋಡಿದೆ. ಸ್ಕ್ಯಾನ್ ಪ್ರತಿ ಸಲವೂ ಅರ್ಧ ಫ್ರೇಮಿಗೆ ಬಂದು ನಿಂತುಬಿಡುತ್ತಿತ್ತು. ಕೊನೆಗೆ ಲ್ಯಾಪ್‌ಟಾಪಿಗೇ ನೇರವಾಗಿ ವಿಂಡೋಸ್ 7 ಹಾಕಲು ಕುಳಿತೆ. ಒಂದು ಸಂಜೆಯ ಕೆಲಸವೆಂದುಕೊಂಡದ್ದು ಐದು ಸಂಜೆಗಳನ್ನು ನುಂಗಿತು.

ಶುರುವಿನಲ್ಲೇ ಒಂದು ಜಾಣತನ ಮಾಡಿದ್ದೆ. ಲ್ಯಾಪ್‌ಟಾಪಿನೊಂದಿಗೆ ಬಂದ ಎಸ್‌ಎಸ್‌ಡಿಯನ್ನು ಬಿಚ್ಚಿ ಎತ್ತಿಟ್ಟು, ಆ ಜಾಗಕ್ಕೆ ಎನ್‌ವಿಎಂಇ ಎಂಬ ಹೊಸ ಬಗೆಯ ಖಾಲಿ ಎಸ್‌ಎಸ್‌ಡಿ ಕೂರಿಸಿದೆ. ಬಿಚ್ಚುವ ಮುನ್ನ, ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡೆ. ನಂಬಿಕಸ್ಥ ಸಹಿಯಿರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಬದಲಾಯಿಸಿದರೆ ಆ ಡಿಸ್ಕ್ ಮುಂದೊಮ್ಮೆ ಕೀ ಕೇಳಿ ಪಟ್ಟು ಹಿಡಿಯಬಹುದು.

ವಿಂಡೋಸ್ 7ಕ್ಕೆ ಸೆಕ್ಯೂರ್ ಬೂಟ್ ಗೊತ್ತಿಲ್ಲ. ಅದನ್ನು ಆಫ್ ಮಾಡಿದೆ. ಪೆನ್ ಡ್ರೈವ್‌ನಿಂದ ಬೂಟ್ ಆಯಿತು. 'ಸ್ಟಾರ್ಟಿಂಗ್ ವಿಂಡೋಸ್' ಎಂಬ ಅಕ್ಷರಗಳು ಬಂದವು, ಬಣ್ಣದ ಚುಕ್ಕೆಗಳು ಒಂದುಗೂಡಿ ಲಾಂಛನವಾಗುವ ಮುನ್ನವೇ ಎಲ್ಲವೂ ಸ್ತಬ್ಧ. ಪೆನ್ ಡ್ರೈವ್ ಸರಿಯಿಲ್ಲವೆಂದು ಎರಡು ಸಲ ಹೊಸದಾಗಿ ತಯಾರಿಸಿದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್, ಹಿಂದೆ ಬಯೋಸ್ ಆಗಿತ್ತು, ಈಗಿನದು ಯುಇಎಫ್‌ಐ. ಯುಇಎಫ್‌ಐ ಮೂಲಕ ಬೂಟ್ ಆದರೂ ವಿಂಡೋಸ್ 7 ಪರದೆಯ ಕೆಲಸಕ್ಕೆ ಹಳೆಯ ಬಯೋಸಿನ ವಿಡಿಯೊ ಸೇವೆಯನ್ನೇ ಕರೆಯುತ್ತದೆ. ಓಗೊಡುವವರಿಲ್ಲದಿದ್ದರೆ ಹಾಗೆಯೇ ನಿಲ್ಲುತ್ತದೆ. ಆ ಸೇವೆ ಒದಗಿಸುವುದು ಸಿಎಸ್‌ಎಂ ಎಂಬ ಆಯ್ಕೆ. ಸೆಕ್ಯೂರ್ ಬೂಟ್ ಆಫ್ ಮಾಡಿ ಉಳಿಸಿ, ಮತ್ತೆ ಫರ್ಮ್‌ವೇರ್ ಸೆಟ್ಟಿಂಗಿನೊಳಗೆ ಹೋದ ಮೇಲಷ್ಟೇ ಅದು ನನಗೆ ಕಾಣಿಸಿತು. ಅದನ್ನು ಆನ್ ಮಾಡಿದರೂ ಬೂಟ್ ವಿಧಾನವನ್ನು ಯುಇಎಫ್‌ಐನಲ್ಲೇ ಬಿಟ್ಟೆ. ಹಳೆಯ ವಿಧಾನಕ್ಕೆ ಹೊರಳಿದ್ದರೆ ಎನ್‌ವಿಎಂಇಯಿಂದ ಬೂಟ್ ಆಗುವುದೇ ಕಷ್ಟವಿತ್ತು. ಸಿಎಸ್‌ಎಂ ಇಲ್ಲದ ಲ್ಯಾಪ್‌ಟಾಪ್ ಆಗಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ.

ಭಾಷೆ ಕೇಳುವ ಪರದೆ ಬಂದಾಗ ಗೆದ್ದೆ ಎಂದುಕೊಂಡೆ. ಮುಂದಿನ ಗುಂಡಿ ಒತ್ತಿದರೆ, ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಕಾಣೆಯಾಗಿದೆ ಎಂಬ ಸಂದೇಶ! ಈ ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ಲ. ಇಡೀ ಒಂದು ಸಂಜೆ ಈ ಸಂದೇಶವನ್ನು ನಂಬಿ ಹಾಳುಮಾಡಿಕೊಂಡೆ. ನಿಜ ಸಂಗತಿ ಬೇರೆ. ಮೊದಲ ಫೈಲುಗಳನ್ನು ಪೆನ್ ಡ್ರೈವ್‌ನಿಂದ ಓದಿ ಮೆಮೊರಿಗೆ ತುಂಬುವುದು ಲ್ಯಾಪ್‌ಟಾಪಿನ ಫರ್ಮ್‌ವೇರ್. ಆಮೇಲೆ ಅಧಿಕಾರ ವಿಂಡೋಸ್ ಕೈಗೆ ಬರುತ್ತದೆ. 2009ರಲ್ಲಿ ಬಿಡುಗಡೆಯಾದ ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. ತಾನು ಯಾವ ಪೆನ್ ಡ್ರೈವ್‌ನಿಂದ ಎದ್ದು ಬಂದಿತೋ ಅದೇ ಅದಕ್ಕೆ ಕಾಣಿಸುವುದಿಲ್ಲ. ಹತ್ತಿದ ಏಣಿಯನ್ನು ಯಾರೋ ಎಳೆದುಕೊಂಡಂತೆ.

ಎನ್‌ವಿಎಂಇ ಕತೆಯೂ ಅದೇ. ಅದರ ಡ್ರೈವರೂ ವಿಂಡೋಸ್ 7ರಲ್ಲಿಲ್ಲ, ಅದಕ್ಕೆ ಕೆಬಿ2990941 ಎಂಬ ಮೈಕ್ರೋಸಾಫ್ಟ್‌ನ ತೇಪೆ, ಅಂದರೆ ಹಾಟ್‌ಫಿಕ್ಸ್ ಬೇಕು. ಇನ್ನೊಂದು ಕಂಪ್ಯೂಟರಿನಲ್ಲಿ ಕುಳಿತು ವಿಂಡೋಸ್‌ನ ಇನ್‌ಸ್ಟಾಲ್ ಫೈಲುಗಳನ್ನು ತಿದ್ದುವ ಡಿಸ್ಮ್ ಕಮಾಂಡಿನಿಂದ ಯುಎಸ್‌ಬಿ ಡ್ರೈವರ್, ಹಾಟ್‌ಫಿಕ್ಸ್ ಎರಡನ್ನೂ ಪೆನ್ ಡ್ರೈವ್‌ನ ಫೈಲುಗಳಿಗೆ ಸೇರಿಸಲು ಕುಳಿತೆ. ಬೂಟ್.ವಿಮ್ ಫೈಲಿನಲ್ಲಿ ವಿಂಡೋಸ್‌ನ ಎರಡು ಕಿರು ಪ್ರತಿಗಳು, ಅಂದರೆ ಇಮೇಜ್‌ಗಳಿರುತ್ತವೆ, ಸೆಟಪ್ ನಡೆಸುವುದು ಎರಡನೆಯದು. ಅದಕ್ಕೆ ಹಾಟ್‌ಫಿಕ್ಸನ್ನೂ ಯುಎಸ್‌ಬಿ ಡ್ರೈವರನ್ನೂ ಹಾಕಿದೆ. ಡಿಸ್ಕಿಗೆ ಇಳಿಯುವ ವಿಂಡೋಸ್ ಇರುವ ಇನ್‌ಸ್ಟಾಲ್.ವಿಮ್‌ಗೆ ಹಾಟ್‌ಫಿಕ್ಸ್ ಮಾತ್ರ ಸೇರಿಸಿ, ಯುಎಸ್‌ಬಿ ಡ್ರೈವರ್ ಆಮೇಲೆ ಹಾಕಿಕೊಂಡರಾಯಿತು ಎಂದು ಬಿಟ್ಟೆ.

ಡಿಸ್ಕ್ ಕಾಣಿಸಿತು, ಇನ್‌ಸ್ಟಾಲ್ ಆಯಿತು, ಡೆಸ್ಕ್‌ಟಾಪ್ ಬಂತು. ಮೌಸ್ ಅಲುಗಲಿಲ್ಲ. ಟಚ್‌ಪ್ಯಾಡಿಗೂ ಜೀವವಿಲ್ಲ. ಸದ್ಯ, ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡ್ ಕೆಲಸ ಮಾಡುತ್ತಿತ್ತು. ಟ್ಯಾಬ್ ಒತ್ತುತ್ತಾ ಡಿವೈಸ್ ಮ್ಯಾನೇಜರ್‌ವರೆಗೆ ಹೋದಾಗ ನನ್ನ 'ಆಮೇಲೆ' ಎಂಥದೆಂದು ತಿಳಿಯಿತು. ಯುಎಸ್‌ಬಿ ಡ್ರೈವರನ್ನು ಒಳಗೆ ತರಬೇಕಾದದ್ದು ಯುಎಸ್‌ಬಿಯಿಂದಲೇ. ವೈಫೈಗೂ ಡ್ರೈವರ್ ಇಲ್ಲ. ಒಳಗೆ ಬರಲು ಬಾಗಿಲೇ ಇಲ್ಲದ ಮನೆ ಕಟ್ಟಿದ್ದೆ! ಇನ್‌ಸ್ಟಾಲ್.ವಿಮ್‌ಗೂ ಡ್ರೈವರ್ ಸೇರಿಸಿ ಮೊದಲಿನಿಂದ ಶುರುಮಾಡಿದೆ.

ಆಮೇಲಿನದು ಸಣ್ಣಪುಟ್ಟ ಕಿರಿಕಿರಿ. ಕಾರ್ಡ್ ರೀಡರಿನ ಡ್ರೈವರ್ ಡಿಜಿಟಲ್ ಸಹಿ ಪರಿಶೀಲಿಸಲಾಗದು ಎನ್ನುವ ಕೋಡ್ 52 ತೋರಿಸಿ ಮುನಿಸಿಕೊಂಡಿತು. ಹೊಸ ಬಗೆಯ ಡಿಜಿಟಲ್ ಸಹಿಯನ್ನು ಗುರುತಿಸುವ ಕೆಬಿ3033929 ಎಂಬ ಅಪ್‌ಡೇಟ್ ಹಾಕಿದ ಮೇಲೆ ಸುಮ್ಮನಾಯಿತು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಸಿಗಲೇ ಇಲ್ಲ. ಹಾಗಾಗಿ ಬೆಳಕು ಹೆಚ್ಚು ಕಡಿಮೆ ಮಾಡುವಂತಿಲ್ಲ, ನಿದ್ರೆಗೆ ಕಳಿಸುವ ಆಯ್ಕೆಯೂ ಇಲ್ಲ. ಪರದೆಯ ಮೇಲೆ ಎಲ್ಲ ಮುಖಗಳೂ ಅಡ್ಡಡ್ಡ ಹಿಗ್ಗಿ ಕಾಣುತ್ತವೆ. ಫೈಲಿನಲ್ಲಿ ಅವು ಸರಿಯಾಗಿಯೇ ಇರುತ್ತವೆ, ಆದ್ದರಿಂದ ನಾನು ತಲೆ ಕೆಡಿಸಿಕೊಂಡಿಲ್ಲ.

ವೈಫೈ ಡ್ರೈವರ್ ಹುಡುಕುವ ಗೋಜಿಗೆ ಬೇಕೆಂದೇ ಹೋಗಲಿಲ್ಲ. 2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲ ಮುಗಿದಿದೆ. ಅದನ್ನು ಇಂಟರ್ನೆಟ್ಟಿಗೆ ಬಿಡುವ ಧೈರ್ಯ ನನಗಿಲ್ಲ. ಸ್ಕ್ಯಾನ್ ಮಾಡಿದ್ದು ಪೆನ್ ಡ್ರೈವ್‌ನಲ್ಲಿ ಹೊರಗೆ ಹೋಗುತ್ತದೆ, ಅಷ್ಟೇ. ಐದನೆಯ ಸಂಜೆ ಸ್ಕ್ಯಾನರ್ ಜೋಡಿಸಿ ಮೊದಲ ನೆಗೆಟಿವ್ ತೂರಿಸಿದೆ. ಮೋಟಾರ್ ಗುರುಗುಟ್ಟಿತು. ಗೆರೆ ಮೆಲ್ಲನೆ ಇಳಿಯುತ್ತಾ ಫ್ರೇಮಿನ ಅರ್ಧಕ್ಕೆ ಬಂತು. ಉಸಿರು ಬಿಗಿಹಿಡಿದೆ. ಅದು ಅರ್ಧ ದಾಟಿ ಮುಂದೆ ಹೋಯಿತು.