ಅಜ್ಜಿಯ ನೂಲಿನ ಸೀರೆ ಕೌದಿಯಾಗುವಾಗ

ಅಜ್ಜಿ ಹೋಗಿ ಹದಿಮೂರು ದಿನ ಮುಗಿದ ಕೂಡಲೇ ಟ್ರಂಕು ಬಿಚ್ಚಿ ಸೀರೆ ಹಂಚುವ ಆತುರ ಬೇಡ. ರೇಷ್ಮೆ ಸೀರೆಗೆ ಕೇಳುವವರು ಹೇಗೂ ಇರುತ್ತಾರೆ. ಯಾರೂ ಕೇಳದೆ ಉಳಿಯುವುದು ಮನೆಯಲ್ಲಿ ಉಟ್ಟು, ಒಗೆದು, ಬಣ್ಣ ಮಾಸಿದ ನೂಲಿನ ಸೀರೆಗಳು. ಮೊಮ್ಮಕ್ಕಳು ತಲೆಯಿಟ್ಟು ಮಲಗಿದ್ದು, ಮೂಗು ಒರೆಸಿಕೊಂಡದ್ದು ಅವುಗಳ ಮೇಲೆಯೇ. ಹಳೆ ಬಟ್ಟೆಯ ಪದರ ಕೂಡಿಸಿ ಹೊಲಿಯುವ ಹೊದಿಕೆ, ಅಂದರೆ ಕೌದಿಗೆ ಬೇಕಾದವೂ ಅವೇ. ವರ್ಷಗಟ್ಟಲೆ ಒಗೆದ ನೂಲಿನ ಮೆದು ಅಂಗಡಿಯ ಹೊಸ ಬಟ್ಟೆಗೆ ಬರುವುದಿಲ್ಲ. ಆದರೆ ಕತ್ತರಿ ಹಾಕುವ ಮೊದಲು ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಒಂದು ಮಾತು ಕೇಳಿ. ಈ ವಿಷಯದಲ್ಲಿ ಹುಟ್ಟಿದ ಮುನಿಸು ಬೇಗ ಇಳಿಯುವಂಥದ್ದಲ್ಲ.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಹೆಬ್ಬೆರಳು ಒತ್ತಿದರೆ ಹರಿಯುವ ಜಾಗವನ್ನು ಕಿತ್ತುಹಾಕಿ. ಕೂರುವ ಭಾಗ ಸಾಮಾನ್ಯವಾಗಿ ಸವೆದಿರುತ್ತದೆ. ಆರು ಗಜದ ಸೀರೆಯಲ್ಲಿ ಆರಡಿಯ ಮೂರು ತುಂಡು ಬರಬೇಕು, ಆದರೆ ಸವೆದದ್ದು ಹೋಗಿ ಎರಡು ಗಟ್ಟಿ ತುಂಡು ಸಿಕ್ಕರೆ ಲಾಭವೇ. ಒಂದು ಸೀರೆ ಮೇಲಿನ, ಕೆಳಗಿನ ಪದರಕ್ಕೆ, ಇನ್ನೊಂದು ಒಳಗಿನ ಎರಡು ಪದರಕ್ಕೆ. ನಾಲ್ಕು ಪದರ ಚಳಿಗೆ ಸಾಕು. ಆರು ದಾಟಿದರೆ ಸೂಜಿ ಹೋಗುವುದಿಲ್ಲ, ಒಗೆದಾಗ ಒಣಗುವುದೂ ಇಲ್ಲ. ಸೀರೆಯ ಅಂಚಿನಲ್ಲಿ ಅಡ್ಡಕ್ಕೆ ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಕೈಯಿಂದ ಹರಿಯಿರಿ. ಎಳೆಯ ಜಾಡಿನಲ್ಲೇ ನೆಟ್ಟಗೆ ಸೀಳುತ್ತದೆ. ಕತ್ತರಿಯಿಂದ ಕತ್ತರಿಸಿದ್ದು ಸೊಟ್ಟಗಾಗುತ್ತದೆ.

ಇಳಕಲ್ ಸೀರೆಯಾದರೆ ಒಡಲು ನೂಲು, ಸೆರಗು ರೇಷ್ಮೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯ್ದಿರುತ್ತಾರೆ. ಆ ಕೂಡಿಕೆಯಿಂದ ಎರಡು ಬೆರಳು ಒಡಲಿನ ಕಡೆಗೆ ಬಿಟ್ಟು ಕತ್ತರಿಸದಿದ್ದರೆ ಸೆರಗು ಬಿಚ್ಚಿಕೊಳ್ಳುತ್ತದೆ. ಸೆರಗನ್ನು ಕೌದಿಗೆ ಸೇರಿಸಬೇಡಿ. ಒಗೆದಾಗ ನೂಲೂ ರೇಷ್ಮೆಯೂ ಒಂದೇ ಅಳತೆಗೆ ಕುಗ್ಗುವುದಿಲ್ಲ, ಕೌದಿ ಮುದುಡುತ್ತದೆ. ದೇವರ ಪೀಠಕ್ಕೆ ಹಾಸಲು ಆ ಸೆರಗು ಚೆನ್ನ. ಮಗುವಿನ ಕೌದಿಯಾದರೆ ಜರಿಯ ಅಂಚನ್ನೂ ಬಿಡಿಸಿ, ಗೀರುತ್ತದೆ. ನೈಲಾನ್, ಪಾಲಿಯೆಸ್ಟರ್ ಬೇಡವೇ ಬೇಡ. ಬೆವರು ಹೀರುವುದಿಲ್ಲ, ಲೋಬಾನದ ಕೆಂಡದ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಕೆಂಪು, ಹಸಿರು ಸೀರೆಗಳ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಬೇಕು. ಉಪ್ಪು ಹಾಕಿದರೆ ನಿಲ್ಲುತ್ತದೆ ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ಒಳಪದರಕ್ಕೆ ಹಾಕಿ ಮುಚ್ಚಿಟ್ಟರೂ ಮೊದಲ ಒಗೆತದಲ್ಲಿ ಮೇಲೆ ಬಂದೇ ಬರುತ್ತದೆ.

ಪದರಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಗೇಣಿಗೊಂದರಂತೆ ಉದ್ದಕ್ಕೆ ಅಡ್ಡಕ್ಕೆ ಕಚ್ಚಾ ಹೊಲಿಗೆ ಹಾಕಿ. ಹೊಸಬರು ಇದನ್ನೇ ಬಿಟ್ಟುಬಿಡುವುದು. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಕೆಳಪದರ ಸರಿದು ಸುಕ್ಕುಗಟ್ಟಿರುತ್ತದೆ, ತಿರುಗಿಸಿ ನೋಡುವವರೆಗೆ ಗೊತ್ತೇ ಆಗುವುದಿಲ್ಲ. ಆಮೇಲೆ ದಪ್ಪ ಹತ್ತಿ ದಾರವನ್ನು ಮೊಳದುದ್ದಕ್ಕಿಂತ ತುಸು ಹೆಚ್ಚು ಪೋಣಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬನ್ನಿ. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ದಾರ ಎಳೆದು ಬಿಗಿ ಮಾಡಬಾರದು. ಮಿಷನ್ ಹೊಲಿಗೆ ಬೇಗ ಮುಗಿಯುತ್ತದೆ, ಆದರೆ ಕೌದಿ ಬಿರುಸಾಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿಯ (ಕೌದಿಗೆ ಅವರ ಹೆಸರು) ನಡುಭಾಗ ಮುಚ್ಚುವ ಮೊದಲು ನಾಲ್ಕು ಅಕ್ಕಿಕಾಳು ಇಡುತ್ತಾರೆ, ಅದರ ಹೊಟ್ಟೆ ಬರಿದಾಗಿರಬಾರದೆಂದು.

ಎಳೆಮಗುವಿಗೆ ಮೂರಡಿ ಚೌಕ, ಎರಡೇ ಪದರ ಸಾಕು. ಮುಖದವರೆಗೆ ಹೊದಿಸಬೇಡಿ. ಒಗೆದ ಕೌದಿಯನ್ನು ಹಗ್ಗದ ಮೇಲೆ ಜೋತುಬಿಟ್ಟರೆ ನೀರಿನ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಕಲ್ಲಿನ ಮೇಲೋ ಮಂಚದ ಮೇಲೋ ಹರವಿ ಒಣಗಿಸಿ.

ಉಳಿದ ಚಿಂದಿ ಅಜ್ಜಿಯ ಹಿತ್ತಾಳೆ ದೀಪ ಒರೆಸಲಿಕ್ಕೆ. ಎಣ್ಣೆಯ ಜಿಡ್ಡನ್ನು ಬಿಸಿನೀರು, ಸೀಗೆಪುಡಿಯಲ್ಲಿ ಮೊದಲು ತೆಗೆಯಿರಿ. ಜಿಡ್ಡಿನ ಮೇಲೆ ಹುಣಸೆಹಣ್ಣು ಕೆಲಸ ಮಾಡುವುದಿಲ್ಲ. ನಿಂಬೆ ಗಾತ್ರದ ಹುಣಸೆ ನೆನೆಸಿ ಉಜ್ಜಿ, ಚೆನ್ನಾಗಿ ತೊಳೆದು ತಕ್ಷಣ ಒರೆಸಬೇಕು. ಸಂದಿಯಲ್ಲಿ ಹುಳಿ ಉಳಿದರೆ ನಾಲ್ಕೇ ದಿನಕ್ಕೆ ಕಿಲುಬು.

ಟ್ರಂಕಿನ ತಳದಲ್ಲಿ ಹಾಡಿನ ಪುಸ್ತಕ ಸಿಕ್ಕರೆ ಹರಿದ ಹಾಳೆಗೆ ಟೇಪು ಅಂಟಿಸಬೇಡಿ. ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆಯಿರಿ, ಎಣ್ಣೆ, ಕುಂಕುಮದ ಕಲೆ ಇದ್ದರೆ ಹಾಗೇ ಇರಲಿ. ಕಲೆ ಹೆಚ್ಚಿರುವ ಪುಟ ಅಜ್ಜಿ ಹೆಚ್ಚು ಹಾಡಿದ ಹಾಡಿನದ್ದು. ಆದರೆ ಪುಸ್ತಕದಲ್ಲಿ ಇರುವುದು ಸಾಲು ಮಾತ್ರ, ಧಾಟಿ ಇರುವುದಿಲ್ಲ. ಶುಕ್ರವಾರದ ಆರತಿಗೆ ಅವರ ಜೊತೆ ಕೂತು ಹಾಡುತ್ತಿದ್ದ ಓಣಿಯ ಅಜ್ಜಿಯಂದಿರು ಇನ್ನೂ ಇದ್ದರೆ ಪುಸ್ತಕ ಒಯ್ದು ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫೈಲಿಗೆ ಹಾಡಿನ ಮೊದಲ ಸಾಲನ್ನೇ ಹೆಸರಾಗಿ ಇಡಿ.